ದುರ್ಮತಿ ಮರಳಿ ಬಂದ ವರ್ಷ

ನಮ್ಮೂರಿಗೆ ಯುಗಾದಿಯಂದು ಹೊಸ ವರ್ಷ ಬರುವುದಿಲ್ಲ; ಹಳೆಯದರಲ್ಲೇ ಒಂದು ಬರುತ್ತದೆ. ಬೇವು ಬೆಲ್ಲ ತಿಂದ ಬಾಯಲ್ಲೇ ಜನ ಪುರಸಭೆಯ ಮುಂದೆ ಸೇರುತ್ತಾರೆ. ಅಧ್ಯಕ್ಷರು ತಾಮ್ರದ ಕೊಡಕ್ಕೆ ಕೈ ಹಾಕಿ ಒಂದು ಚೀಟಿ ಎತ್ತುತ್ತಾರೆ. ಅದರಲ್ಲಿ ಯಾವ ಸಂವತ್ಸರದ ಹೆಸರಿದೆಯೋ, ಮುಂದಿನ ಯುಗಾದಿಯವರೆಗೆ ಊರು ಅದರೊಳಗೇ ಇರಬೇಕು. ಅಂದಿನ ಬೆಲೆ, ಅಂದಿನ ಪತ್ರಿಕೆ, ಅಂದಿನ ಸಿನಿಮಾ, ಅಂದಿನ ರೇಷನ್ ಕಾರ್ಡು. ಇದು ಯಾಕೆ ಹೀಗೆ ಎಂದು ಕೇಳಿದರೆ ಅರ್ಜಿ ಕೊಡಿ ಎನ್ನುತ್ತಾರೆ. ಅರ್ಜಿ ಬರೆಯಲು ಕುಳಿತವರು ಮೇಲೆ ಯಾವ ತಾರೀಖು ಹಾಕಬೇಕೆಂದು ತಿಳಿಯದೆ ಎದ್ದುಬರುತ್ತಾರೆ.

ನಾನು ನೀಲಾಂಬಿಕೆ. ಹಳೇಪೇಟೆ ಬೀದಿಯಲ್ಲಿ ರವಿಕೆ ಹೊಲಿಯುತ್ತೇನೆ. ಈ ಕತೆ ನಡೆದ ವರ್ಷ ನನಗೆ ಐವತ್ತಾರು ತುಂಬಿತ್ತು. ಬೇರೆ ಏನನ್ನು ಹಿಂದಕ್ಕೆ ತಂದರೂ ಪುರಸಭೆಯವರು ವಯಸ್ಸನ್ನು ಮಾತ್ರ ಹಿಂದಕ್ಕೆ ತರುವುದಿಲ್ಲ. ಅದು ಅವರ ಇಲಾಖೆಗೆ ಬರುವುದಿಲ್ಲವಂತೆ.

ಆ ಯುಗಾದಿಯಂದು ಅಧ್ಯಕ್ಷರು ಚೀಟಿ ಬಿಡಿಸಿ, ಕನ್ನಡಕ ಸರಿಮಾಡಿಕೊಂಡು, "ದುರ್ಮತಿ!" ಎಂದು ಕೂಗಿದರು. ಜನ ಶಿಳ್ಳೆ ಹೊಡೆದರು. ಸಂತೋಷಕ್ಕೆ ಕಾರಣವಿತ್ತು. ದುರ್ಮತಿ ಎಂದರೆ ಮೂವತ್ತು ವರ್ಷ ಹಿಂದೆ. ಚಹಾ ನಲವತ್ತು ಪೈಸೆ, ಈರುಳ್ಳಿ ಕೆಜಿಗೆ ಒಂದು ರೂಪಾಯಿ, ಸಿನಿಮಾದ ಗಾಂಧಿ ಕ್ಲಾಸಿಗೆ ಎಂಬತ್ತು ಪೈಸೆ. ಸಭೆ ಮುಗಿಯುವ ಮೊದಲೇ ಅರ್ಧ ಊರು ಚಿನ್ನದಂಗಡಿಗೆ ಓಡಿತು. ಅಂಗಡಿಯವನು ಅವರಿಗಿಂತ ಚುರುಕು. ಬಾಗಿಲಿಗೆ ಬೀಗ ಬಿದ್ದಿತ್ತು, "ಕಾಶಿಗೆ ಹೋಗಿದ್ದೇವೆ, ಒಂದು ವರ್ಷದಲ್ಲಿ ಬರುತ್ತೇವೆ" ಎಂಬ ಹಲಗೆ ನೇತಾಡುತ್ತಿತ್ತು. ಹೋಟೆಲಿನವನು ಚಹಾವನ್ನು ನಲವತ್ತು ಪೈಸೆಗೇ ಕೊಟ್ಟ, ಆದರೆ ಕಣ್ಣಿಗೆ ಔಷಧಿ ಬಿಡುವಷ್ಟು ಕೊಟ್ಟ. ತಿಂಗಳ ಕೊನೆಯಲ್ಲಿ ಸಂಬಳವೂ ದುರ್ಮತಿಯದೇ ಬಂದಾಗ ಶಿಳ್ಳೆ ಹೊಡೆದವರೆಲ್ಲ ಗಂಭೀರರಾದರು.

ಪತ್ರಿಕೆ ದಿನಾ ಬೆಳಿಗ್ಗೆ ಬರುತ್ತಿತ್ತು, ಮೂವತ್ತು ವರ್ಷ ಹಿಂದೆ ಅದೇ ದಿನ ಬಂದದ್ದು ಬಂದ ಹಾಗೆಯೇ. ಬಸ್ ನಿಲ್ದಾಣಕ್ಕೆ ಶೀಘ್ರವೇ ಶೌಚಾಲಯ. ಕೆರೆ ಹೂಳೆತ್ತಲು ಸಮಿತಿ ರಚನೆ. ಬೀದಿ ದೀಪ ಉರಿಯುತ್ತಿಲ್ಲ, ಸಾರ್ವಜನಿಕರ ಆಕ್ರೋಶ. ಇದು ಹಳೆಯ ಪತ್ರಿಕೆ ಎಂದು ಹೊಸದಾಗಿ ಊರಿಗೆ ಬಂದ ಸೊಸೆಯಂದಿರಿಗೆ ಗೊತ್ತಾಗಲು ಎರಡು ತಿಂಗಳು ಹಿಡಿಯಿತು. ನಗಬೇಕಾದ ವಿಷಯವಲ್ಲ ಇದು, ಏಕೆಂದರೆ ನಮ್ಮೂರಲ್ಲಿ ಯಾವುದೇ ತಕರಾರು ಬಂದರೂ ಆ ವರ್ಷದ ಪತ್ರಿಕೆಯೇ ಸಾಕ್ಷಿ. ಪತ್ರಿಕೆಯಲ್ಲಿ ಬಂದದ್ದು ನಡೆಯಲೇಬೇಕು. ನಮ್ಮ ನೆನಪಿಗೆ ಬೇರೆ ಏನೋ ಇದ್ದರೆ ಅದು ನಮ್ಮ ನೆನಪಿನ ತಪ್ಪು.

ಹೊಲಿಗೆಯವಳಾದ ನನಗೆ ಕೆಲಸಕ್ಕೇನೂ ಬರವಿರಲಿಲ್ಲ. ದುರ್ಮತಿಯಲ್ಲಿ ಪಫ್ ತೋಳಿನ ರವಿಕೆ ಫ್ಯಾಷನ್ನಾಗಿತ್ತಲ್ಲ, ಎಲ್ಲರಿಗೂ ಅದೇ ಬೇಕಾಯಿತು. ಅರವತ್ತು ದಾಟಿದ ಹೆಂಗಸರು ಭುಜದ ಮೇಲೆ ಎರಡೆರಡು ಬಲೂನು ಹೊತ್ತು ತರಕಾರಿ ಕೊಳ್ಳಲು ಹೋದರು. ಗಂಡಸರ ಪ್ಯಾಂಟುಗಳು ಬೀದಿ ಗುಡಿಸಿದವು. ಪೌರಕಾರ್ಮಿಕರಿಗೆ ಅಷ್ಟರಮಟ್ಟಿಗೆ ವಿಶ್ರಾಂತಿ ಸಿಕ್ಕಿತು.

ಯುಗಾದಿ ಕಳೆದ ಮೂರನೆಯ ದಿನ ಪಕ್ಕದ ಮನೆಯ ಹಸೀನಾಬಿ ಒಂದು ಚೀಲ ಸಕ್ಕರೆ ಹಿಡಿದು ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಳು. ಬಳೆ ವ್ಯಾಪಾರ ಅವಳದು. ಗಂಡ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು.

"ನೀಲಕ್ಕ, ದುರ್ಮತಿ ಕಾರ್ಡಲ್ಲಿ ನಮ್ಮನೆಯೋರ ಹೆಸರೂ ಐತೆ ನೋಡು. ಅವರ ಪಾಲಿನ ಸಕ್ಕರೇನೂ ಕೊಟ್ಟುಬಿಟ್ರು. ಬೇಡ ಅಂದ್ರೆ ಕೇಳಲಿಲ್ಲ. ಅವರಿಗೆ ಸಿಹಿ ಅಂದ್ರೆ ಪ್ರಾಣ ಇತ್ತು" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಅವಳ ಮಾತು ಮುಗಿದಿರಲಿಲ್ಲ, ಪುರಸಭೆಯ ವರ್ಷದ ಗುಮಾಸ್ತರಾದ ಪರಶುರಾಮಯ್ಯನವರು ಬೀದಿಯ ತಿರುವಿನಲ್ಲಿ ಕಾಣಿಸಿಕೊಂಡರು. ಯಾರ ಮನೆಯಲ್ಲಿ ಯಾವ ವರ್ಷ ಸರಿಯಾಗಿ ನಡೆಯುತ್ತಿದೆ, ಯಾರ ಮನೆಯಲ್ಲಿ ನಡೆಯುತ್ತಿಲ್ಲ ಎಂದು ನೋಡುವುದು ಅವರ ಕೆಲಸ. ಅವರ ಹಿಂದೆ ಒಂದು ತಗಡಿನ ಟ್ರಂಕು. ಟ್ರಂಕಿನ ಕೆಳಗೆ ಮರುಳಸಿದ್ಧಪ್ಪ.

ಮರುಳಸಿದ್ಧಪ್ಪ ನನ್ನ ಗಂಡ. ಅಂದರೆ ದುರ್ಮತಿಯ ಕಾರ್ತಿಕದವರೆಗೆ ಗಂಡ. ಆಮೇಲೆ ನಾನೇ ಅವರ ಇದೇ ಟ್ರಂಕನ್ನು ಬೀದಿಗೆ ಇಟ್ಟಿದ್ದೆ. ಅಂದಿನಿಂದ ಅವರು ಕೆರೆಯಾಚೆ ಒಂದು ಬಾಡಿಗೆ ಕೋಣೆಯಲ್ಲಿದ್ದರು. ಸಂತೆಯಲ್ಲಿ ಎದುರಾದರೆ ನಾನು ಬದನೆಕಾಯಿ ನೋಡುತ್ತಿದ್ದೆ, ಅವರು ಆಕಾಶ ನೋಡುತ್ತಿದ್ದರು.

"ಕಾರ್ಡಲ್ಲಿ ಇಬ್ಬರ ಹೆಸರಿದೆ ಅಮ್ಮಾ. ಒಳಗೆ ಕರೆದುಕೊಳ್ಳಿ" ಎಂದರು ಪರಶುರಾಮಯ್ಯ.

"ಮೂವತ್ತು ವರ್ಷ ಆಯ್ತಲ್ಲ ಸ್ವಾಮಿ, ನಾನು ಇವರನ್ನ ಬಿಟ್ಟು!"

"ಎಲ್ಲಿ ಆಯ್ತು? ಇನ್ನೂ ಏಳು ತಿಂಗಳಿದೆಯಲ್ಲ" ಎಂದರು ಅವರು, ನನ್ನ ಲೆಕ್ಕ ತಪ್ಪಿದ್ದಕ್ಕೆ ಮರುಗುತ್ತ.

ಹಸೀನಾಬಿಗೆ ಸಕ್ಕರೆ ಬಂತು, ನನಗೆ ಗಂಡ ಬಂದ. ಹಣೆಯಲ್ಲಿ ಬರೆದದ್ದು ಎನ್ನುತ್ತಾರೆ. ನಮ್ಮೂರಲ್ಲಿ ಕಾರ್ಡಿನಲ್ಲಿ ಬರೆದಿರುತ್ತದೆ.

ಮರುಳಸಿದ್ಧಪ್ಪ ಟ್ರಂಕು ಇಳಿಸಿ, ನಡುಮನೆಯನ್ನೆಲ್ಲ ಒಂದು ಸುತ್ತು ನೋಡಿ, "ಗೋಡೆಗೆ ಸುಣ್ಣ ಹೊಡೆಸಿಲ್ಲ ಅನ್ನು" ಎಂದರು. ಮೂವತ್ತು ವರ್ಷದ ಮೇಲೆ ಆಡಿದ ಮೊದಲ ಮಾತು ಅದು.

ದುರ್ಮತಿಯಲ್ಲಿ ಅವರು ಏನಾಗಿದ್ದರೆಂದು ಹೇಳಬೇಕು. ಅವರು ಆ ಪತ್ರಿಕೆಯ ಬಾತ್ಮೀದಾರರಾಗಿದ್ದರು. ಅದಕ್ಕಿಂತ ಹೆಚ್ಚಾಗಿ ನಟರಾಗಿದ್ದರು, ಅಥವಾ ಹಾಗೆಂದು ನಂಬಿದ್ದರು. 'ಸಿಂಹಾಸನದ ಕಣ್ಣೀರು' ಎಂಬ ಐದಂಕದ ನಾಟಕವನ್ನು ತಾವೇ ಬರೆದು, ತಾವೇ ರಾಜನಾಗಿ, ತಾವೇ ಆಡಿಸಲು ಹೊರಟರು. ಪರದೆಗೆ ದುಡ್ಡು ಸಾಲಲಿಲ್ಲ. ಒಂದು ಮಧ್ಯಾಹ್ನ ನಾನು ನಲ್ಲಿಗೆ ನೀರಿಗೆ ಹೋಗಿ ಬರುವಷ್ಟರಲ್ಲಿ ನನ್ನ ಹೊಲಿಗೆ ಮಷೀನು ಇರಲಿಲ್ಲ. ಅಪ್ಪ ಮದುವೆಯಲ್ಲಿ ಕೊಟ್ಟದ್ದು. ಸಂಜೆ ಪುರಭವನಕ್ಕೆ ಹೋದರೆ ನನ್ನ ಮಷೀನು ಅರಮನೆಯ ಚಿತ್ರವಿರುವ ಪರದೆಯಾಗಿ ನೇತಾಡುತ್ತಿತ್ತು. ನಾಟಕ ನೋಡಲು ಬಂದವರು ಮೂವತ್ತೇಳು ಜನ. ಅವರಲ್ಲಿ ಹನ್ನೊಂದು ಜನ ಪಾತ್ರಧಾರಿಗಳ ಮನೆಯವರು, ಇಬ್ಬರು ಮಳೆಗೆ ಒಳಗೆ ಬಂದವರು.

ಮಾರನೆಯ ದಿನ ಪತ್ರಿಕೆಯಲ್ಲಿ ವರದಿ ಬಂತು. ಬರೆದವರು ಯಾರೆಂದು ಹೇಳಬೇಕಾಗಿಲ್ಲ. ಕಿಕ್ಕಿರಿದ ಸಭಾಂಗಣ. ನಾಯಕನಟನ ಅಮೋಘ ಅಭಿನಯ. ಕಲೆಗಾಗಿ ಆತನ ಧರ್ಮಪತ್ನಿ ತಮ್ಮ ಹೊಲಿಗೆ ಯಂತ್ರವನ್ನು ಸ್ವಇಚ್ಛೆಯಿಂದ ವೇದಿಕೆಯ ಮೇಲೆ ಅರ್ಪಿಸಿ, ಪತಿಗೆ ಹಾರ ಹಾಕಿ, ಎರಡು ಮಾತಾಡಿದಾಗ ಕರತಾಡನ ಮುಗಿಲು ಮುಟ್ಟಿತು.

ಓದಿದೆ, ಟ್ರಂಕು ಬೀದಿಗಿಟ್ಟೆ. ಆದರೆ ಊರೂ ಅದನ್ನು ಓದಿತ್ತಲ್ಲ. "ತಾನೇ ಕೊಟ್ಟು, ಹಾರ ಹಾಕಿ, ಬೆಳಗಾಗೋದ್ರಲ್ಲಿ ಗಂಡನ್ನ ಆಚೆಗೆ ಹಾಕಿದ್ಲಂತೆ" ಎಂದು ನಲ್ಲಿಯ ಹತ್ತಿರ ಮಾತಾಡಿಕೊಂಡರು. ಎರಡು ವರ್ಷ ಕಿಟಕಿಯ ಬೆಳಕಿನಲ್ಲಿ ಕೈಯಲ್ಲೇ ರವಿಕೆ ಹೊಲಿದೆ, ಬೆರಳ ತುದಿ ಜರಡಿಯಾಯಿತು. ಅದು ವಾಸಿಯಾಯಿತು. ಚಂಚಲೆ ಎಂಬ ಹೆಸರು ಮಾತ್ರ ವಾಸಿಯಾಗಲಿಲ್ಲ. ನಾನು ಕೊಡಲಿಲ್ಲ ಎಂದರೆ, ಪೇಪರಿನಲ್ಲೇ ಬಂದಿದೆಯಲ್ಲ ಎನ್ನುತ್ತಿದ್ದರು.

ಏಳು ತಿಂಗಳು ನಾವು ಒಂದೇ ಸೂರಿನಡಿ ಹೇಗೆ ಕಳೆದೆವೆಂದರೆ, ಒಂದೇ ಬಸ್ಸಿನಲ್ಲಿ ಕುಳಿತ ಅಪರಿಚಿತರ ಹಾಗೆ. ಅವರು ನಡುಮನೆಯಲ್ಲಿ, ನಾನು ಒಳಗೆ. ಬೆಳಿಗ್ಗೆ ಅವರು ತಮ್ಮದೇ ಹಳೆಯ ವರದಿಗಳನ್ನು ಪತ್ರಿಕೆಯಲ್ಲಿ ಹುಡುಕಿ ಓದಿ, "ಏನು ಭಾಷೆ!" ಎಂದು ತಲೆದೂಗುತ್ತಿದ್ದರು. ಸಂಜೆ ಪುರಭವನದಲ್ಲಿ ತಾಲೀಮು. ಆ ವರ್ಷದ ಸಾಂಸ್ಕೃತಿಕ ಘಟನೆಗಳ ಪಟ್ಟಿಯಲ್ಲಿ 'ಸಿಂಹಾಸನದ ಕಣ್ಣೀರು' ಇತ್ತು, ಆದ್ದರಿಂದ ಮತ್ತೆ ಆಡಲೇಬೇಕಿತ್ತು. ಅರವತ್ತೆರಡರ ರಾಜ ಇಪ್ಪತ್ತರ ರಾಣಿಯನ್ನು ಸ್ವಯಂವರದಲ್ಲಿ ಗೆಲ್ಲಲು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಹೋಗುತ್ತಿದ್ದ. ರಾಣಿಯ ಪಾತ್ರದ ಮೊದಲಿನ ನಟ ಈಗ ಪೋಸ್ಟ್ ಮಾಸ್ಟರಾಗಿ ನಿವೃತ್ತರಾಗಿದ್ದರು. ಅವರೂ ಪಾಪ ಬರಲೇಬೇಕಾಯಿತು.

ದೀಪಾವಳಿ ಮುಗಿದ ವಾರ ಪರಶುರಾಮಯ್ಯ ಕತ್ತರಿಸಿದ ಪತ್ರಿಕೆಯ ತುಂಡು ಹಿಡಿದು ಬಂದರು.

"ಭಾನುವಾರ ಸಂಜೆ ನಾಲ್ಕಕ್ಕೆ ಅಮ್ಮಾ. ಮಷೀನು ಸಾಗಿಸೋಕೆ ಇಬ್ಬರು ಜವಾನರನ್ನ ಕಳಿಸ್ತೀನಿ. ಹಾರ ಪುರಸಭೆಯದು."

"ಯಾವ ಮಷೀನು?"

"ನೀವು ಸ್ವಇಚ್ಛೆಯಿಂದ ಕೊಡೋದು."

"ನನಗೆ ಆ ಇಚ್ಛೆ ಇಲ್ಲ."

"ಇದೆ. ಇಲ್ಲಿ ಅಚ್ಚಾಗಿದೆ ನೋಡಿ" ಎಂದು ತೋರಿಸಿದರು. "ಕೊಡದೆ ಹೋದ್ರೆ ಅಂಗಡಿ ಪರವಾನಗಿ ರದ್ದು ಮಾಡ್ಬೇಕಾಗುತ್ತೆ. ನನಗೂ ಮನಸ್ಸಿಲ್ಲ. ಆದ್ರೆ ನನ್ನ ಮನಸ್ಸಿನ ವಿಷಯ ಪತ್ರಿಕೆಯಲ್ಲಿ ಬಂದಿಲ್ಲ."

ನನ್ನ ಎರಡನೆಯ ಮಷೀನು, ಇಪ್ಪತ್ತೆಂಟು ವರ್ಷ ನನಗೆ ಅನ್ನ ಹಾಕಿದ್ದು. ಅದನ್ನೂ ಪರದೆ ಮಾಡಿ ನೇತುಹಾಕುತ್ತಾರೆ ಎಂದುಕೊಂಡೆ. ಒಳಗೆ ಹೋಗಿ ಅನ್ನಕ್ಕೆ ಇಟ್ಟ ಅಕ್ಕಿಯನ್ನು ಮತ್ತೆ ಮತ್ತೆ ತೊಳೆದೆ. ನಡುಮನೆಯಿಂದ ಮರುಳಸಿದ್ಧಪ್ಪ ಗಂಟಲು ಸರಿಮಾಡಿಕೊಂಡು, "ಹಾರ ಹಾಕುವಾಗ ಸ್ವಲ್ಪ ಎಡಕ್ಕೆ ನಿಂತ್ಕೋ ನೀಲಾ. ದೀಪ ಆ ಕಡೆಯಿಂದ ಬೀಳತ್ತೆ" ಎಂದರು. ಕೈಯಲ್ಲಿ ಸೌಟಿತ್ತು. ಅದನ್ನು ನಾನು ಒಲೆಯ ಪಕ್ಕ ಮೆಲ್ಲಗೆ ಇಟ್ಟೆನೆಂಬುದು ಯಾವ ಪತ್ರಿಕೆಯಲ್ಲೂ ಬರುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತಿದ್ದೇನೆ.

ಆ ಮೂರು ದಿನ ಪುರಸಭೆಯಲ್ಲಿ 'ಕಿಕ್ಕಿರಿದ' ಎಂದರೆ ಎಷ್ಟು ಜನ ಎಂಬ ಚರ್ಚೆ ನಡೆಯಿತು. ಕುಳಿತವನು ತನ್ನ ಬೆನ್ನನ್ನು ತಾನು ಕೆರೆದುಕೊಳ್ಳಲಾಗದಷ್ಟು ಎಂದು ಕೊನೆಗೆ ಠರಾವಾಯಿತು. ಭಾನುವಾರ ಮಧ್ಯಾಹ್ನದಿಂದಲೇ ವಾರ್ಡುವಾರು ಜನರನ್ನು ಕರೆತಂದು ತುಂಬಿದರು. ಮೂವತ್ತೇಳು ಜನ ಕಂಡಿದ್ದ ಪುರಭವನದಲ್ಲಿ ಸಾವಿರದ ಮೇಲೆ ಜನ. ಕಿಟಕಿಗಳಲ್ಲೂ ತಲೆ. ಪಫ್ ತೋಳುಗಳು ಒಂದಕ್ಕೊಂದು ಒತ್ತಿ ಚಪ್ಪಟೆಯಾಗಿದ್ದವು. ನನ್ನ ಕೆಲಸ ಹಾಳಾಗುವುದು ನೋಡಿ ಸಂಕಟವಾಯಿತು.

ನಾಟಕದ ಬಗ್ಗೆ ನಾನೇನೂ ಹೇಳುವುದಿಲ್ಲ. ಕಿರೀಟ ನಾಲ್ಕು ಸಲ ಕಣ್ಣಿನ ಮೇಲೆ ಜಾರಿತು. ಸ್ವಯಂವರದಲ್ಲಿ ಬಿಲ್ಲು ಎತ್ತಲು ಬಗ್ಗಿದ ರಾಜನನ್ನು ಮೇಲೆತ್ತಲು ಇಬ್ಬರು ಬೇಕಾದರು. ಅಭಿನಯ ಅಮೋಘವೆಂದು ಪತ್ರಿಕೆ ಮೊದಲೇ ಹೇಳಿದ್ದರಿಂದ ಯಾರೂ ನಗುವ ಹಾಗಿರಲಿಲ್ಲ. ಸಾವಿರ ಜನ ಒಟ್ಟಿಗೆ ಕೆಮ್ಮಿದರು.

ಕೊನೆಗೆ ನನ್ನನ್ನು ಕರೆದರು. ವೇದಿಕೆಯ ನಡುವೆ ನನ್ನ ಮಷೀನು, ಅದಕ್ಕೆ ಯಾರೋ ಕುಂಕುಮ ಹಚ್ಚಿದ್ದರು. ಕೈಗೆ ಚೆಂಡುಹೂವಿನ ಹಾರ ಕೊಟ್ಟರು. ಮರುಳಸಿದ್ಧಪ್ಪ ಕುತ್ತಿಗೆ ಬಾಗಿಸಿ ತಯಾರಾಗಿ ನಿಂತಿದ್ದರು. ಹಾರ ಹಾಕಿದೆ. ಎಡಕ್ಕೇ ನಿಂತು ಹಾಕಿದೆ. ಎರಡು ಮಾತಾಡಬೇಕೆಂದು ಪತ್ರಿಕೆಯಲ್ಲಿತ್ತು. ಯಾವ ಮಾತೆಂದು ಮಾತ್ರ ಇರಲಿಲ್ಲ. ಬರೆಯುವಾಗ ಅವರಿಗೆ ಅಷ್ಟು ವ್ಯವಧಾನವಿರಲಿಲ್ಲ ಎಂದು ತೋರುತ್ತದೆ.

ಮೈಕಿನ ಮುಂದೆ ನಿಂತೆ. ಕೆಳಗೆ ನೋಡಿದೆ. ನಲ್ಲಿಯ ಹತ್ತಿರ ಮಾತಾಡಿಕೊಂಡವರು, ಅವರ ಮಕ್ಕಳು, ಅವರ ಸೊಸೆಯಂದಿರು, ಎಲ್ಲರೂ ಇದ್ದರು. ಇಷ್ಟು ಜನವನ್ನು ನಾನು ಹುಟ್ಟಿದ ಮೇಲೆ ಒಟ್ಟಿಗೆ ಕಂಡಿರಲಿಲ್ಲ.

"ಮಷೀನು ನಾನು ಕೊಡಲಿಲ್ಲ" ಎಂದೆ. ನನ್ನ ದನಿ ಗೋಡೆಗೆ ಬಡಿದು ವಾಪಸು ಬಂತು. "ನಾನು ನೀರಿಗೆ ಹೋಗಿದ್ದೆ. ಬರೋದ್ರೊಳಗೆ ಇವರು ಹೊತ್ಕೊಂಡು ಹೋಗಿದ್ರು. ಹಾರಾನೂ ಹಾಕಲಿಲ್ಲ. ಈಗ ಹಾಕಿದ್ದೇ ಮೊದಲು."

ಮುಂದಿನ ಸಾಲಿನಲ್ಲಿ ಪರಶುರಾಮಯ್ಯ ಪತ್ರಿಕೆಯ ತುಂಡಿನ ಮೇಲೆ ಬೆರಳಿಟ್ಟು ಸಾಲು ಸಾಲಾಗಿ ಇಳಿದರು. ಹಾರ, ಆಯಿತು. ಎರಡು ಮಾತು, ಆಯಿತು. ಮುಂದಿನದು ಕರತಾಡನ. ಅವರು ಎದ್ದು ನಿಂತು, ಜನರತ್ತ ತಿರುಗಿ, ಎರಡೂ ಕೈ ಮೇಲೆತ್ತಿ, "ಚಪ್ಪಾಳೆ! ಮುಗಿಲು ಮುಟ್ಟಬೇಕು!" ಎಂದರು.

ಮೊದಲು ಒಂದನೆಯ ವಾರ್ಡು ಹೊಡೆಯಿತು, ಕಂದಾಯ ಕಟ್ಟುವ ಉತ್ಸಾಹದಲ್ಲಿ. ಆಮೇಲೆ ಎರಡನೆಯದು, ಮೂರನೆಯದು. ಹಿಂದಿನ ಸಾಲುಗಳಿಗೆ, ಹೆಂಗಸರಿದ್ದ ಕಡೆಗೆ ಹೋದಾಗ ಸದ್ದು ಬೇರೆಯಾಯಿತು. ಅಲ್ಲಿ ಯಾರೂ ಪರಶುರಾಮಯ್ಯನವರನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದರು. ನಲ್ಲಿಯ ಹತ್ತಿರ ಮೊದಲು ಬಾಯಿ ತೆರೆದಿದ್ದ ಚನ್ನಾಜಮ್ಮ, ಈಗ ಎಂಬತ್ತರ ಮುದುಕಿ, ಬೆಂಚಿನ ಮೇಲೆ ಹತ್ತಿ ಹೊಡೆಯುತ್ತಿದ್ದಳು. ನನ್ನ ಪಕ್ಕದಲ್ಲಿ ಮರುಳಸಿದ್ಧಪ್ಪ ಕಕ್ಕಾಬಿಕ್ಕಿಯಾಗಿ ಒಂದು ಗಳಿಗೆ ನಿಂತಿದ್ದು, ಚಪ್ಪಾಳೆ ಎಂಬುದು ಕಿವಿಗೆ ಬಿದ್ದಮೇಲೆ ತಡೆಯಲಾರದೆ ಸೊಂಟ ಬಗ್ಗಿಸಿ ವಂದಿಸಿದರು.

ಸದ್ದು ಇಳಿದಮೇಲೆ ಜವಾನರು ಮಷೀನಿಗೆ ಕೈ ಹಾಕಿದರು. ಅಷ್ಟರಲ್ಲಿ ಹಸೀನಾಬಿ ವೇದಿಕೆ ಹತ್ತಿ ಬಂದಳು, ಅವಳ ಹಿಂದೆ ಹತ್ತು ಹದಿನೈದು ಹೆಂಗಸರು.

"ಇದು ಪತ್ರಿಕೆಯಲ್ಲಿ ಇಲ್ಲಮ್ಮಾ!" ಎಂದು ಪರಶುರಾಮಯ್ಯ ಕೂಗಿದರು.

"ಕೊನೇ ಸಾಲು ಓದ್ರೀ ಸಾಹೇಬ್ರೇ."

ಅವರು ಓದಿದರು. "ಮಹಿಳೆಯರು ಅಧಿಕ ಸಂಖ್ಯೆಯಲ್ಲಿ ಪಾಲ್ಗೊಂಡಿದ್ದರು."

"ಪಾಲ್ಗೊಳ್ತಾ ಇದೀವಿ, ಬಿಡಿ" ಎಂದು ಹಸೀನಾಬಿ ಜವಾನರ ಕೈ ತಳ್ಳಿದಳು. ಹೆಂಗಸರು ಮಷೀನನ್ನು ಎತ್ತಿ, ಅರಮನೆಯ ಪರದೆ ದಾಟಿ, ಬೀದಿಯುದ್ದಕ್ಕೂ ಹೊತ್ತು ತಂದು ನನ್ನ ಅಂಗಡಿಯಲ್ಲಿ ಇಟ್ಟುಹೋದರು. ಅಷ್ಟು ಹೊತ್ತಿಗೆ ಕತ್ತಲಾಗಿತ್ತು.

ಮರುಳಸಿದ್ಧಪ್ಪ ಬಣ್ಣ ಒರೆಸಿಕೊಂಡು ಬಂದವರು ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತರು. ಕಿವಿಯ ಹಿಂದೆ ಇನ್ನೂ ಗುಲಾಬಿ ಬಣ್ಣವಿತ್ತು.

"ನೀಲಾ, ನೀನೇ ಕೊಟ್ಟೆ ಅಂತ ನಾನು ನಂಬ್ಕೊಂಡ್ಬಿಟ್ಟಿದ್ದೆ ಕಣೆ."

"ಬರೆದೋರು ಯಾರು?"

"ನಾನೇ."

"ಮತ್ತೆ?"

"ಪೇಪರಲ್ಲಿ ಅಚ್ಚಾದ್ಮೇಲೆ ನಾನು ಬರೆದದ್ದು ಅನ್ನೋದು ಮರೆತುಹೋಯ್ತು" ಎಂದರು. ಸುಳ್ಳು ಹೇಳುವಾಗ ಅವರ ದನಿ ಏರುತ್ತದೆ, ನನಗೆ ಗೊತ್ತು. ಅಂದು ಏರಲಿಲ್ಲ.

ಮಾರನೆಯ ದಿನ ಪತ್ರಿಕೆ ಬಂತು. ಅದೇ ವರದಿ, ಅದೇ ಸ್ವಇಚ್ಛೆ. ಅವರು ಅದನ್ನು ಹಿಡಿದು ಸಂಪಾದಕರ ಬಳಿ ಹೋಗಿ, ಬರೆದವನು ನಾನೇ, ಒಂದು ತಿದ್ದುಪಡಿ ಹಾಕಿ ಎಂದರಂತೆ. ದುರ್ಮತಿಯಲ್ಲಿ ನಮ್ಮ ಪತ್ರಿಕೆ ಯಾವ ತಪ್ಪನ್ನೂ ಒಪ್ಪಿಕೊಂಡಿಲ್ಲ, ಈಗ ಹೇಗೆ ಒಪ್ಪುವುದು ಎಂದು ಸಂಪಾದಕರು ಕೈ ಮುಗಿದರಂತೆ. ಆಗ ಇವರು ನೇರ ಬಸ್ ನಿಲ್ದಾಣಕ್ಕೆ ಹೋಗಿ, ಪತ್ರಿಕೆ ಮಾರುವ ಕಟ್ಟೆಯ ಮೇಲೆ ನಿಂತು, ಐದನೆಯ ಅಂಕದ ದನಿಯಲ್ಲಿ, "ಮೂರನೇ ಪುಟದಲ್ಲಿ ನಾನು ಬರೆದದ್ದು ಸುಳ್ಳು! ಮಷೀನು ನಾನು ಕದ್ದೆ!" ಎಂದು ಕೂಗಿದರಂತೆ. ಹಸೀನಾಬಿ ಓಡಿ ಬಂದು ಹೇಳಿದಳು. ನನಗೆ ಒಳಗೊಳಗೇ ಏನೋ ಸಡಿಲವಾಯಿತು. ತೋರಿಸಿಕೊಳ್ಳಲಿಲ್ಲ.

ಎರಡನೆಯ ದಿನವೂ ಹೋಗಿ ಕೂಗಿದರು. ಮೂರನೆಯ ದಿನ ಜನ ಕಾದು ನಿಂತಿದ್ದರಂತೆ. ಐದನೆಯ ದಿನ ನಾನೇ ನೋಡಲು ಹೋದೆ. ಬಸ್ಸಿನ ಕಂಡಕ್ಟರುಗಳೂ ಇಳಿದು ಸೇರಿದ್ದರು. ಕಟ್ಟೆಯ ಮೇಲೆ ನಿಂತ ಇವರ ಕಣ್ಣಲ್ಲಿ ಧಾರಾಕಾರ ನೀರು. ಕದ್ದ ದಿನ ಗುಡುಗು ಸಿಡಿಲಂತೆ. ನಾನು ಹೊಸ್ತಿಲಲ್ಲಿ ಅವರ ಕಾಲು ಹಿಡಿದು ಬೇಡಿದೆನಂತೆ. ಆ ಕಳ್ಳ ಕೈಗಳನ್ನು ಕತ್ತರಿಸಿಬಿಡಿ ಮಹಾಜನರೇ ಎಂದು ಎರಡೂ ಕೈ ಚಾಚಿದಾಗ ಜನ ಹೋ ಎಂದರು, ಇವರು ಸೊಂಟ ಬಗ್ಗಿಸಿ ವಂದಿಸಿದರು.

ಇನ್ನೆರಡು ದಿನ ಬಿಟ್ಟರೆ ಆ ಮಷೀನನ್ನು ಇವರೇ ಹೊಲಿಗೆ ಮಾಡಿ ಸಂಪಾದಿಸಿದ್ದರು ಎಂದಾಗುತ್ತಿತ್ತು. ಜನರ ನಡುವೆ ನುಗ್ಗಿ ಅವರ ರಟ್ಟೆ ಹಿಡಿದೆ.

"ಸಾಕು, ಇಳೀರಿ."

"ಇನ್ನೊಂದು ದೃಶ್ಯ ಇದೆ ನೀಲಾ."

"ಮನೇಲಿ ನಲವತ್ತು ರವಿಕೆ ಬಿದ್ದಿದೆ. ಕಾಜಾ ಹಾಕಿ, ಹುಕ್ಕು ಹೊಲೀಬೇಕು. ಆ ಕೈಗೆ ಈಗ ಕೆಲಸ ಕೊಡ್ತೀನಿ, ಬನ್ನಿ."

ಅಂದಿನಿಂದ ಅವರು ಅಂಗಡಿಯ ಮೂಲೆಯಲ್ಲಿ ಕುಳಿತು ಕಾಜಾ ಹೊಲಿಯತೊಡಗಿದರು. ಮೊದಮೊದಲು ಕಾಜಾದಲ್ಲಿ ಎರಡು ಹುಕ್ಕು ಒಟ್ಟಿಗೆ ನುಸುಳುತ್ತಿದ್ದವು. ಬೆರಳಿಗೆ ಸೂಜಿ ಚುಚ್ಚಿದಾಗಲೆಲ್ಲ ಅವರು ನನ್ನನ್ನು ನೋಡುತ್ತಿದ್ದರು, ನಾನು ದಾರ ನೋಡುತ್ತಿದ್ದೆ. ಮಾಘದ ಹೊತ್ತಿಗೆ ಕೈ ಪಳಗಿತು. ಕೊಡುವ ಕೂಲಿಯಲ್ಲಿ ಊಟದ ಖರ್ಚು ಮುರಿದುಕೊಳ್ಳುತ್ತಿದ್ದೆ. ಅಂಥ ಕಾಜಾದವರು ಪೇಟೆಯಲ್ಲಿ ಸಿಗುವುದಿಲ್ಲ ಎಂದು ಹಸೀನಾಬಿಯ ಹತ್ತಿರ ಹೇಳಿರಬಹುದು. ಗಂಡ ಎಂದು ಮಾತ್ರ ಹೇಳಲಿಲ್ಲ.

ಯುಗಾದಿ ಬಂತು. ಅಧ್ಯಕ್ಷರು ಕೊಡಕ್ಕೆ ಕೈ ಹಾಕಿ, ದುರ್ಮತಿಗಿಂತ ಎಂಟು ವರ್ಷ ಈಚಿನ ಶುಕ್ಲ ಸಂವತ್ಸರ ಎತ್ತಿದರು. ಚಹಾ ಒಂದು ರೂಪಾಯಿಯಾಯಿತು, ಪಫ್ ತೋಳು ಬಿತ್ತು. ಮೂರನೆಯ ದಿನ ಪರಶುರಾಮಯ್ಯ ಹೊಸದಾದ ಹಳೆಯ ಕಾರ್ಡು ಹಿಡಿದು ಬಂದರು.

"ಶುಕ್ಲದಲ್ಲಿ ನಿಮ್ಮೊಬ್ಬರದೇ ಹೆಸರು ಅಮ್ಮಾ. ಇವರು ಹೊರಡಬೇಕು."

ಮೂಲೆಯಲ್ಲಿ ಮರುಳಸಿದ್ಧಪ್ಪ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಮೆಲ್ಲಗೆ ಏಳಲು ಹೊರಟರು. ಡೈಲಾಗು ಹೇಳಲು ಅಷ್ಟು ಒಳ್ಳೆಯ ಅವಕಾಶ ಸಿಕ್ಕಿಯೂ ಆ ಮನುಷ್ಯ ಸುಮ್ಮನಿದ್ದದ್ದನ್ನು ನಾನು ಅಂದೇ ಮೊದಲು ಕಂಡದ್ದು.

"ಕಾರ್ಡು ಮನೆಯವರಿಗೆ ಅಲ್ವಾ ಪರಶುರಾಮಯ್ಯನವರೇ? ಇವರು ನನ್ನ ಅಂಗಡಿ ಕಾಜಾದವರು" ಎಂದೆ.

"ಶುಕ್ಲದಲ್ಲಿ ನಿಮ್ಮ ಅಂಗಡೀಲಿ ಕಾಜಾದವರು ಇರಲಿಲ್ಲ."

"ಹಾಗಂತ ಎಲ್ಲಿ ಬರೆದಿದೆ? ತೋರಿಸಿ, ಈಗಲೇ ಕಳಿಸ್ತೀನಿ."

ಅವರು ಮರ್ಯಾದಸ್ಥರು. ಪುರಸಭೆಗೆ ಹೋಗಿ ಶುಕ್ಲ ಸಂವತ್ಸರದ ಇಡೀ ವರ್ಷದ ಪತ್ರಿಕೆ ಇಳಿಸಿಕೊಂಡು ನಾಲ್ಕು ದಿನ ತಿರುವಿ ಹಾಕಿದರು. ಕೆರೆ ಹೂಳೆತ್ತುವ ಸಮಿತಿ ಸಿಕ್ಕಿತು, ಶೀಘ್ರವೇ ಬರಲಿರುವ ಶೌಚಾಲಯ ಸಿಕ್ಕಿತು. ಐದನೆಯ ದಿನ ಧೂಳು ಮೆತ್ತಿದ ಕನ್ನಡಕದಲ್ಲಿ ನನ್ನ ಬಾಗಿಲಿಗೆ ಬಂದು ನಿಂತು, ಅಂಗಿಯ ಗುಂಡಿಯೊಂದು ಕಿತ್ತುಹೋಗಿದೆ, ನಿಮ್ಮ ಕಾಜಾದವರು ಹಾಕಿಕೊಡುತ್ತಾರೆಯೇ ಎಂದು ಕೇಳಿದರು.